ಕೊಗನೊಳ್ಳಿ ಸೀಮೆ: ಮೊಟ್ಟೆಯಿಂದ ಪ್ರೆಶರ್ ವಾಷರ್‌ವರೆಗೆ

ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿಯ ಸುತ್ತ ನೆಲದಡಿ ಇರುವುದು ದಖ್ಖನ್ನಿನ ಕರಿಕಲ್ಲು. ಬಿರುಕುಗಳಲ್ಲಿ, ಮೇಲಿನ ಶಿಥಿಲ ಪದರದಲ್ಲಿ ಮಾತ್ರ ನೀರು ನಿಲ್ಲುವುದರಿಂದ ಬಾವಿಯ ಸೆಲೆ ಜಿನುಗುವುದು ನಿಧಾನ. ಈ ಸೀಮೆಯಲ್ಲಿ ನೀರೆತ್ತಿದ ಪ್ರತಿಯೊಂದು ಸಾಧನವೂ ಆ ನಿಧಾನಕ್ಕೆ ಹೊಂದಿಕೊಳ್ಳಲೇಬೇಕಾಯಿತು.

ಎತ್ತುಗಳಿಂದ ಬಾವಿಯ ನೀರೆತ್ತುವ ತೊಗಲಿನ ಚೀಲವಾದ ಮೊಟ್ಟೆ ಸಹಜವಾಗಿಯೇ ಹೊಂದಿಕೊಂಡಿತ್ತು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಇಳಿದರೆ ಒಂದು ಸಲಕ್ಕೆ ನೂರು ಲೀಟರಿನಷ್ಟು ನೀರು ಮೇಲೆ ಬರುತ್ತಿತ್ತು. ಅವು ಹಿಂದೆ ಸರಿದು ಮೊಟ್ಟೆ ಮತ್ತೆ ಮುಳುಗುವಷ್ಟು ಹೊತ್ತು ಬಾವಿಗೂ ಬಿಡುವು. ನಡುಹಗಲು ಎತ್ತು ಬಿಟ್ಟಾಗ ಸೆಲೆ ತನ್ನ ಪಾಲು ತುಂಬಿಕೊಡುತ್ತಿತ್ತು. ದನದ ದಣಿವೇ ಬಾವಿಯನ್ನು ಕಾಯುತ್ತಿತ್ತು.

ಪಂಪಿಗೆ ದಣಿವಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1926ರಲ್ಲಿ ಅಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ನೆರೆಯ ಕೊಲ್ಹಾಪುರದ ಕಾರ್ಖಾನೆಗಳು ಆಯಿಲ್ ಎಂಜಿನ್ ಒದಗಿಸಿದವು, ಆಮೇಲೆ ವಿದ್ಯುತ್ ಮೋಟಾರು ಬಂತು. ಸೆಲೆ ಕೊಡುವುದಕ್ಕಿಂತ ಹೆಚ್ಚು ಎತ್ತಿದಾಗ ಬಾವಿ ಬರಿದಾಗಿ ಪಂಪು ಗಾಳಿ ಎಳೆಯತೊಡಗಿತು. ಪಂಪಿನ ಬಲ ಇಳಿಸುವುದರ ಬದಲು ಬಾವಿಯ ಆಳ ಹೆಚ್ಚಿಸಿದ್ದೇ ಈ ಸೀಮೆಯ ದೊಡ್ಡ ತಪ್ಪು.

ಒತ್ತಡದಲ್ಲಿ ನೀರು ಚಿಮ್ಮಿಸಿ ತೊಳೆಯುವ ಪ್ರೆಶರ್ ವಾಷರ್, ಮೂಲ ಕೊಡುವುದಕ್ಕಿಂತ ಹೆಚ್ಚು ನೀರು ಬೇಡಬಲ್ಲ ಅದೇ ಸಾಲಿನ ಹೊಸ ಯಂತ್ರ. ಜರ್ಮನಿಯ ಕಾರ್ಚರ್ 1950ರಲ್ಲಿ ಬಿಸಿನೀರಿನ ಮಾದರಿ ತಯಾರಿಸಿತು. ಮನೆಬಳಕೆಗೆ ಕೈಯಲ್ಲೇ ಒಯ್ಯಬಹುದಾದ ಅದರ ಮಾದರಿ ಬಂದದ್ದು 1984ರಲ್ಲಿ. ಕೊಗನೊಳ್ಳಿಯನ್ನು ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಂಥ ದಾರಿಗಳ ಬದಿಯ ವಾಷಿಂಗ್ ಸೆಂಟರುಗಳು ತೊಟ್ಟಿ ತುಂಬಿಸಿಕೊಂಡು, ಅದರಿಂದ ನೀರೆಳೆಯುತ್ತವೆ. ಮನೆಯಲ್ಲಿ ಮಾತ್ರ ಯಂತ್ರವನ್ನು ನೇರವಾಗಿ ನಲ್ಲಿಗೇ ಸಿಕ್ಕಿಸುವವರುಂಟು. ಸಣ್ಣ ಯಂತ್ರವೂ ನಿಮಿಷಕ್ಕೆ 5ರಿಂದ 8 ಲೀಟರ್ ಬೇಡುತ್ತದೆ. 15 ಲೀಟರಿನ ಬಕೆಟ್ ತುಂಬಲು ನಲ್ಲಿಗೆ 3 ನಿಮಿಷ ಹಿಡಿದರೆ ಹರಿವು ನಿಮಿಷಕ್ಕೆ 5 ಲೀಟರ್ ಅಷ್ಟೇ. 8 ಲೀಟರ್ ಬೇಡುವ ಯಂತ್ರ ಅಲ್ಲಿ ನೀರಿಲ್ಲದೆ ನಡುಗಿ, ಸೀಲು ಸವೆಸಿಕೊಳ್ಳುತ್ತದೆ.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಪ್ರದೇಶದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನಲ್ಲಿ ನೀರು ನಿಗದಿ ಮಾಡಿದೆ. ಐವರ ಮನೆಯ 275 ಲೀಟರನ್ನು ನಿಮಿಷಕ್ಕೆ 6 ಲೀಟರ್ ಬಳಸುವ ಯಂತ್ರ ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತದೆ. ಕುಡಿಯುವ ನೀರಿನ ನಲ್ಲಿಗೆ ಈ ಯಂತ್ರ ಜೋಡಿಸಬಾರದು. ಮಳೆನೀರು ತುಂಬಿದ ತೊಟ್ಟಿಯೇ ಅದಕ್ಕೆ ತಕ್ಕ ಜಾಗ.