ನೆಲೆ, ಕೂಲಿ, ನುಡಿ: ಕೊಲ್ಹಾಪುರ ಸೀಮೆಯಲ್ಲಿ ನಗರ ಅಸಮಾನತೆಯ ಅಧ್ಯಯನ

ನಗರದ ಅಸಮಾನತೆ ಎಂದೊಡನೆ ನಮ್ಮ ವಿಶ್ವವಿದ್ಯಾಲಯಗಳ ಪಾಠ ಮಹಾನಗರದ ಕೊಳೆಗೇರಿಯತ್ತ ಹೊರಳುತ್ತದೆ. ಶಿವಾಜಿ ವಿಶ್ವವಿದ್ಯಾಲಯ 1962ರಲ್ಲಿ ಆರಂಭವಾದ ಕೊಲ್ಹಾಪುರ ಸೀಮೆಗೆ ಆ ಮಾದರಿ ಹೊಂದದು. ಇಲ್ಲಿ ಒಂದೇ ಊರಿನ ಸರಹದ್ದಿನೊಳಗೆ ನಿಂತು ಅಳೆದರೆ ಅಸಮಾನತೆಯ ಅರ್ಧ ಮಾತ್ರ ಕಾಣುತ್ತದೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳನ್ನು ಒಂದೇ ಕ್ಷೇತ್ರವಾಗಿ ಓದಬೇಕೆಂಬುದು ಈ ಲೇಖನದ ವಾದ.

ಅಸಮಾನತೆಯ ಮೊದಲ ಪದರ ನೆಲೆಯದು. ಕೊಲ್ಹಾಪುರ ಸಂಸ್ಥಾನದ ಅರಸ ಶಾಹೂ ಮಹಾರಾಜರು 1902ರ ಜುಲೈ 26ರಂದು ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಶೇ 50 ಮೀಸಲಿಟ್ಟ ಸಂಗತಿ ಪ್ರಸಿದ್ಧ. ಅದಕ್ಕೆ ಮೊದಲೇ, 1901ರಲ್ಲಿ, ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಎಂಬ ವಿದ್ಯಾರ್ಥಿನಿಲಯ ತೆರೆದಿತ್ತು. ಈ ಅನುಕ್ರಮ ಗಮನಾರ್ಹ. ಹಳ್ಳಿಯ ಹುಡುಗನಿಗೆ ಪೇಟೆಯಲ್ಲಿ ಅನ್ನ, ವಸತಿ ಸಿಗದಿದ್ದರೆ ಮೀಸಲು ಹುದ್ದೆಗೆ ಅರ್ಜಿ ಹಾಕುವವರೇ ಇರುತ್ತಿರಲಿಲ್ಲ. ಮುಂದೆ ಜೈನ, ಲಿಂಗಾಯತ, ಮುಸ್ಲಿಂ, ಅಸ್ಪೃಶ್ಯ ವಿದ್ಯಾರ್ಥಿಗಳಿಗೂ ಬೋರ್ಡಿಂಗುಗಳಾದವು. ಜಾತಿಗೊಂದು ವಸತಿಯಾಯಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಜಾತಿ ಕೇಳಿಯೇ ಮನೆ ಬಾಡಿಗೆಗೆ ಕೊಡುವ ಪೇಟೆಯಲ್ಲಿ ಎಲ್ಲರಿಗೂ ಮುಕ್ತ ಎಂಬ ಬರಿಯ ಘೋಷಣೆಯಿಂದ ಬಡವನಿಗೆ ಸೂರು ಸಿಗುತ್ತಿರಲಿಲ್ಲ.

ಎರಡನೆಯ ಪದರ ಕೂಲಿಯದು. ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ 1904ರಲ್ಲಿ ಬಂತು. ಇಲ್ಲಿನ ನೇಕಾರನ ಮಜೂರಿ ನಿಲ್ಲುವುದು ನೇಯ್ದ ಮೀಟರು ಮತ್ತು ಪಿಕ್ಕುಗಳ ಮೇಲೆ, ಅಂದರೆ ಇಂಚಿಗೆ ಎಷ್ಟು ಹೊಕ್ಕಿನ ಎಳೆ ಬಿದ್ದಿದೆ ಎಂಬುದರ ಮೇಲೆ. ನೂಲು ಹರಿದರೆ, ಕರೆಂಟು ಹೋದರೆ ಮಗ್ಗದೊಡನೆ ಕೂಲಿಯೂ ನಿಲ್ಲುತ್ತದೆ; ವ್ಯಾಪಾರದ ಏರಿಳಿತದ ಭಾರ ಕೊನೆಗೆ ಅವನ ಹೆಗಲಿಗೆ. ಬಟ್ಟೆ ವ್ಯಾಪಾರಿಗೆ ಮಜೂರಿಯ ಮೇಲೆ ನೇಯ್ದುಕೊಡುವ ಸಣ್ಣ ಮಗ್ಗದ ಮಾಲೀಕನನ್ನು 'ಖರ್ಚಿವಾಲಾ' ಎನ್ನುತ್ತಾರೆ. ಅವನು ಮಾಲೀಕನೋ ಕೂಲಿಯವನೋ ಎಂಬ ಪ್ರಶ್ನೆಗೆ ಸಿದ್ಧ ವರ್ಗೀಕರಣಗಳಲ್ಲಿ ಉತ್ತರವಿಲ್ಲ. ಅಸಮಾನತೆ ಕೂಲಿಯಲ್ಲಷ್ಟೇ ಇಲ್ಲ, ಊರುಗಳ ನಡುವೆ ಹರಿಯುವ ನದಿಯಲ್ಲೂ ಇದೆ. ಮೇಲಿನ ಕೊಲ್ಹಾಪುರದ ಕೊಳಚೆ ಪಂಚಗಂಗೆಯಲ್ಲಿ ಕೆಳಗಿನ ಇಚಲಕರಂಜಿಗೆ ಇಳಿಯುತ್ತದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿದಾಗ ಕುಡಿಯುವ ನೀರಿನ ಪ್ರಶ್ನೆ ಎದ್ದಿತು. ಒಂದು ಊರು ಸ್ವಚ್ಛವಾಗುವ ಖರ್ಚನ್ನು ಇನ್ನೊಂದು ಊರು ತೆರುತ್ತದೆ.

ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜದಲ್ಲಿ ಮೂರನೆಯ ಪದರವಾದ ನುಡಿ ಕಾಣುತ್ತದೆ. ಅಲ್ಲಿ ಅನೇಕರ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಮರಾಠಿಯಲ್ಲಷ್ಟೇ ಅಚ್ಚಾದ ಪ್ರಶ್ನಾವಳಿ ಹಿಡಿದು ಹೋದರೆ ಶಾಲೆ ಕಂಡ ಗಂಡಸರೇ ಉತ್ತರಿಸುತ್ತಾರೆ. ಕನ್ನಡವಷ್ಟೇ ಬಲ್ಲ ಹಿರಿಯ ಹೆಂಗಸಿನ ಅನುಭವ ಕೋಷ್ಟಕದಿಂದ ಹೊರಗುಳಿಯುತ್ತದೆ. ಸಾಮಾಜಿಕ ನ್ಯಾಯವನ್ನು ಅಳೆಯಹೊರಟ ಸಮೀಕ್ಷೆಯೇ ಆಗ ಅನ್ಯಾಯದ ಪಾಲುದಾರ.

ಆದ್ದರಿಂದ ಇಲ್ಲಿನ ಸ್ನಾತಕೋತ್ತರ ಪ್ರಬಂಧಗಳು ಕುಟುಂಬದ ಆದಾಯದ ಜೊತೆಗೆ ಮೂರನ್ನು ಕೇಳಬೇಕು: ಓದಲು, ದುಡಿಯಲು ಬಂದವರು ಎಲ್ಲಿ ಉಳಿದರು, ಕೂಲಿಯನ್ನು ಯಾವ ಅಳತೆಯಲ್ಲಿ ಎಣಿಸಿದರು, ಯಾವ ನುಡಿಯಲ್ಲಿ ದೂರು ಕೊಟ್ಟರು. ಪ್ರಶ್ನಾವಳಿ ಎರಡೂ ಭಾಷೆಯಲ್ಲಿರಬೇಕು. ಕ್ಷೇತ್ರಕಾರ್ಯ ಮೂರೂ ಊರುಗಳಲ್ಲಿ ನಡೆಯಬೇಕು.