ಹಾಸಿಗೆಗೆ ಮಾತ್ರ ವಿಮೆ, ಮಾತ್ರೆಗಿಲ್ಲ

ಖಿನ್ನತೆಯ ಮಾತ್ರೆಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲವೇಕೆ ಎಂದು ಕೇಳಿದರೆ, ಮನೋರೋಗದ ಬಗ್ಗೆ ನಮ್ಮ ಸಮಾಜಕ್ಕಿರುವ ತಾತ್ಸಾರವೇ ಕಾರಣ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಅರ್ಧ ಮಾತ್ರ ಸರಿ. ತಾತ್ಸಾರದಿಂದ ಹುಟ್ಟಿದ ಷರತ್ತನ್ನು ಕಾನೂನು ತೆಗೆಸಿದ ಮೇಲೂ, ಅಡ್ಮಿಟ್ ಆಗದೆ ವೈದ್ಯರ ಚೀಟಿ ತೋರಿಸಿ ಮಾತ್ರೆ ಕೊಂಡವರ ಕ್ಲೇಮು ಸಾಮಾನ್ಯ ಪಾಲಿಸಿಯಲ್ಲಿ ನಡೆಯುವುದಿಲ್ಲ. ಉಳಿದರ್ಧ ಕಾರಣ ಭಾರತದ ವಿಮೆಯ ಚರಿತ್ರೆಯಲ್ಲೇ ಇದೆ.

ಈ ಚರಿತ್ರೆ ಆಸ್ಪತ್ರೆಯ ಹಾಸಿಗೆಯಿಂದ ಶುರುವಾದದ್ದಲ್ಲ. 1948ರ ಕಾಯ್ದೆಯಂತೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾದ ಇಎಸ್‌ಐ ಯೋಜನೆ ಕಾರ್ಮಿಕರಿಗೆ ಡಿಸ್ಪೆನ್ಸರಿಯಲ್ಲೇ ವೈದ್ಯರನ್ನೂ ಔಷಧಿಯನ್ನೂ ಒದಗಿಸಿತು. ಅಂದರೆ ಹೊರರೋಗಿಗೆ ಮಾತ್ರೆ ಕೊಡುವುದು ಇಲ್ಲಿನ ವಿಮೆಗೆ ಹೊಸದೇನಲ್ಲ. 1986ರಲ್ಲಿ ಸರ್ಕಾರಿ ಸ್ವಾಮ್ಯದ ನಾಲ್ಕು ಕಂಪನಿಗಳು ತಂದ ಮೆಡಿಕ್ಲೇಮ್ ಬೇರೆ ದಾರಿ ಹಿಡಿಯಿತು. ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ. ಔಷಧಿಗೆ ಸಿಗುವುದು ದಾಖಲಾತಿಯ ಹಿಂದಿನ ಮೂವತ್ತು ದಿನ, ಮುಂದಿನ ಅರವತ್ತು ದಿನದ ಖರ್ಚು ಎಂಬುದು ವಾಡಿಕೆಯಾಯಿತು. ಮನೋರೋಗವನ್ನು ಪೂರ್ತಿ ಕೈಬಿಡುವ ಷರತ್ತೂ ಬಹುಪಾಲು ಪಾಲಿಸಿಗಳಲ್ಲಿ ಸೇರಿಕೊಂಡಿತು. ಮೆಡಿಕ್ಲೇಮ್ ಬಂದಾಗ ದೇಶದಲ್ಲಿ ಜಾರಿಯಲ್ಲಿದ್ದದ್ದು 1912ರ ‘ಲೂನಸಿ’ ಕಾಯ್ದೆ. ಅದರ ಬದಲಿಗೆ ಬಂದ 1987ರ ಕಾನೂನು ಜಾರಿಯಾಗಲು 1993 ಆಯಿತು. ಮನೋರೋಗಿ ಎಂದರೆ ಗೋಡೆಯೊಳಗೆ ಇಡಬೇಕಾದವನು ಎಂಬುದು 1912ರ ಗ್ರಹಿಕೆ. ಆದರೆ ವೈದ್ಯಶಾಸ್ತ್ರ ಆ ಗೋಡೆಯನ್ನು ಎಂದೋ ದಾಟಿತ್ತು. ಇಮಿಪ್ರಮಿನ್ ಎಂಬ ಖಿನ್ನತೆ ನಿವಾರಕ 1950ರ ದಶಕದ ಕೊನೆಗೇ ಬಳಕೆಗೆ ಬಂದಿತ್ತು. ಮೆಡಿಕ್ಲೇಮ್ ಹುಟ್ಟಿದ ಹೊತ್ತಿಗೇ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗದ ಔಷಧಿ ಅಲ್ಲಿಯೇ ಸಿಗುವಂತೆ ಮಾಡುತ್ತಿತ್ತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಬೇರೆ ರಾಜ್ಯಗಳಿಗೂ ಹೋಯಿತು. ಚಿಕಿತ್ಸೆ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬಂದರೂ ವಿಮೆ ವಾರ್ಡಿನಲ್ಲೇ ಕೂತಿತು.

2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 21ನೇ ಸೆಕ್ಷನ್ನು, ದೇಹದ ಕಾಯಿಲೆಗೆ ಇರುವ ನೆಲೆಯಲ್ಲೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ವಿಧಿಸಿತು. 2018ರ ಮೇ 29ರಂದು ಕಾಯ್ದೆ ಜಾರಿಯಾಯಿತು, ಆಗಸ್ಟಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆಯನ್ನೂ ಹೊರಡಿಸಿತು. ಕಂಪನಿಗಳು ಅಷ್ಟಕ್ಕೆ ಅಲುಗಲಿಲ್ಲ. 2020ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು, ಕಾಯ್ದೆ ಜಾರಿಯಾದ ದಿನದಿಂದಲೇ ಈ ಹೊಣೆ ಕಂಪನಿಗಳ ಮೇಲಿದೆ ಎಂದು ತೀರ್ಪಿತ್ತಿತು. ಕೊನೆಗೆ 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಪಾಲಿಸಬೇಕೆಂದು ಪ್ರಾಧಿಕಾರ ಗಡುವು ಹಾಕಬೇಕಾಯಿತು. ಸಂಸತ್ತು ಒಂದು ವಾಕ್ಯದಲ್ಲಿ ಹೇಳಿದ್ದು ಪಾಲಿಸಿಯ ಕಾಗದದ ಮೇಲೆ ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯಿತು! ಇಷ್ಟೆಲ್ಲ ಹೋರಾಡಿ ಗೆದ್ದದ್ದು ಮುಖ್ಯವಾಗಿ ಒಳರೋಗಿಯ ಹಕ್ಕನ್ನು.

ಕಂಪನಿಗಳ ಪರವಾದ ಗಟ್ಟಿ ವಾದವೊಂದಿದೆ: ಸಕ್ಕರೆ ಕಾಯಿಲೆಯವರ ದಿನನಿತ್ಯದ ಮಾತ್ರೆಗೂ ನಾವು ಕೊಡುವುದಿಲ್ಲ, ಹಾಗಿರುವಾಗ ತಾರತಮ್ಯ ಎಲ್ಲಿ ಬಂತು? ಕಾಯ್ದೆಯ ಅಕ್ಷರಕ್ಕೆ ಇದು ಹೊಂದುತ್ತದೆ. ಆದರೆ ಸಕ್ಕರೆ ಕಾಯಿಲೆಯವರನ್ನು ಸಾಲಕ್ಕೆ ದೂಡುವ ದೊಡ್ಡ ಖರ್ಚು, ಅಂದರೆ ಹೃದಯಾಘಾತ ಅಥವಾ ಕಾಲಿನ ಗ್ಯಾಂಗ್ರಿನ್, ಆಸ್ಪತ್ರೆಯಲ್ಲೇ ಆಗುವಂಥದು. ಅಲ್ಲಿ ವಿಮೆ ಕೈಹಿಡಿಯುತ್ತದೆ. ಖಿನ್ನತೆಯವರಲ್ಲಿ ಹೆಚ್ಚಿನವರು ಅಡ್ಮಿಟ್ ಆಗುವುದೇ ಇಲ್ಲ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ಚೇತರಿಸಿದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. ಅರವತ್ತು ದಿನದ ಲೆಕ್ಕಕ್ಕೆ ಇದು ಸಿಗುವುದಿಲ್ಲ. ಹೊರರೋಗಿಯನ್ನು ಬಿಟ್ಟರೆ ಒಬ್ಬರ ಚಿಕಿತ್ಸೆಯ ಒಂದು ಭಾಗ ಹೋಗುತ್ತದೆ, ಇನ್ನೊಬ್ಬರದು ಇಡಿಯಾಗಿ ಹೋಗುತ್ತದೆ. ಮಾತ್ರೆ ಅಗ್ಗ, ಅದಕ್ಕೆ ವಿಮೆ ಯಾಕೆ ಎಂಬ ಮಾತೂ ಇದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮನೋರೋಗಿಗಳಿರುವ ಕುಟುಂಬಗಳು ಚಿಕಿತ್ಸೆ ಮತ್ತು ಓಡಾಟಕ್ಕೆ ತಿಂಗಳಿಗೆ ಸಾವಿರದಿಂದ ಸಾವಿರದೈನೂರು ರೂಪಾಯಿ ಖರ್ಚು ಮಾಡುತ್ತಿದ್ದವು. ಖಿನ್ನತೆಯಂಥ ಸಾಮಾನ್ಯ ಮನೋರೋಗವಿದ್ದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಇರಲಿಲ್ಲ. ಮೊದಲೇ ಮಾತ್ರೆ ನುಂಗುತ್ತಿರುವವರೇ ಪಾಲಿಸಿಗೆ ಮುಗಿಬೀಳುತ್ತಾರೆಂಬ ಭಯಕ್ಕಂತೂ ಕಂಪನಿಗಳ ಬಳಿ ಮದ್ದಿದೆ: ಮೊದಲೇ ಇದ್ದ ಕಾಯಿಲೆಗೆ ವರ್ಷಗಟ್ಟಲೆ ಕಾಯುವ ಅವಧಿ. ಹೇಳಿದರೆ ಈ ಕಾಯುವಿಕೆ, ಹೇಳದಿದ್ದರೆ ಮುಚ್ಚಿಟ್ಟರೆಂದು ಕ್ಲೇಮು ತಿರಸ್ಕಾರ. ಎರಡರಲ್ಲೂ ನಷ್ಟ ರೋಗಿಯದೇ.

ಈಗ ಕೆಲವು ಪಾಲಿಸಿಗಳು ಹೆಚ್ಚಿನ ಪ್ರೀಮಿಯಂ ಪಡೆದು ಹೊರರೋಗಿ ಸೌಲಭ್ಯ ಮಾರುತ್ತಿವೆ. ಅದು ಕೊಳ್ಳಬಲ್ಲವರಿಗೆ ಮಾತ್ರ. ಮನೋರೋಗದ ಮಟ್ಟಿಗಾದರೂ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಮೂಲ ಪಾಲಿಸಿಯೊಳಗೇ ಸೇರಿಸಬೇಕೆಂದು ಪ್ರಾಧಿಕಾರ ಆದೇಶಿಸಬೇಕು. 1952ರಲ್ಲಿ ಕಾನ್ಪುರದ ಗಿರಣಿ ಕಾರ್ಮಿಕರಿಗೆ ಸಾಧ್ಯವಾದದ್ದು ಇಂದಿನ ಕಂಪನಿಗಳಿಗೆ ಅಸಾಧ್ಯ ಎಂಬ ವಾದವನ್ನು ಒಪ್ಪಲು ಕಾರಣವಿಲ್ಲ.