ತಿಳಿನೀರು ಮತ್ತು ಶುದ್ಧನೀರು

ಬೀದರದಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಗಾಜಿನ ಮೀನುತೊಟ್ಟಿಯೊಂದಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. 1996ರ ಚಳಿಗಾಲದಲ್ಲಿ ಅದರ ಮೀನುಗಳಿಗೆ ಬಿಳಿ ಚುಕ್ಕೆ ರೋಗ ತಗುಲಿತು. ಮೆಥಿಲೀನ್ ಬ್ಲೂ ಎಂಬ ಔಷಧಿ ಹಾಕಿದೆವು. ಮೀನುಗಳು ಗುಣವಾದವು, ಆದರೆ ನೀರು ಶಾಯಿಯಂತೆ ನೀಲಿಯಾಗಿಯೇ ಉಳಿಯಿತು. ಶಾಲಾ ತಪಾಸಣೆ ಹತ್ತಿರ ಬಂದಿತ್ತು. ಔರಾದ ಕಡೆಯಿಂದ ಬಂದು ವಸತಿನಿಲಯದಲ್ಲಿದ್ದ ಒಬ್ಬ ಹುಡುಗ ಆ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದ. "ಎಲ್ಲವನ್ನೂ ತೊಳೆದು ಹೊಸ ನೀರು ತುಂಬಿಸು" ಎಂದು ಅವನಿಗೆ ಹೇಳಿದೆ. ಅವನು ಮರಳನ್ನೂ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದ. ತೊಟ್ಟಿ ಕನ್ನಡಿಯಂತಾಯಿತು. ಒಂದು ವಾರದೊಳಗೆ ಮೀನುಗಳೆಲ್ಲ ಸತ್ತವು. ತರಗತಿಯ ಎದುರು ನಿಲ್ಲಿಸಿ ನಾನು ಅವನನ್ನು ಗದರಿಸಿದೆ.

ತಪ್ಪು ಯಾರದೆಂದು ಹೇಳುವ ಮುನ್ನ, ನೀರನ್ನು ತಿಳಿಗೊಳಿಸುವ ವಿದ್ಯೆಯ ಚರಿತ್ರೆಯನ್ನು ತುಸು ನೋಡೋಣ.

ಮೊದಲನೆಯದು ಕೆಸರಿನ ಕದಡು. ಬೀದರ ಪಟ್ಟಣ ನಿಂತಿರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲೆ. ಆ ಕಲ್ಲಿನೊಳಗೆ ಇಂಗಿದ ನೀರನ್ನು ಬಹಮನಿ ಕಾಲದ ನೌಬಾದಿನ ಕರೇಜ್ ಸುರಂಗವು ನೆಲದಡಿಯಲ್ಲೇ ಕೂಡಿಸಿ ತರುತ್ತಿತ್ತು. ಭಾಲ್ಕಿ, ಔರಾದಗಳದ್ದಾದರೋ ಕಪ್ಪು ಎರೆಮಣ್ಣು. ಮಳೆಗಾಲದಲ್ಲಿ ಮಾಂಜ್ರಾ ನದಿಯ ನೀರು ಕೆಸರಾಗಿ ಹರಿಯುತ್ತದೆ. ಇಂಥ ನೀರಿಗೆ ನಮ್ಮ ದೇಶದ ಪುರಾತನ ಉಪಾಯವೆಂದರೆ ಕತಕ ಬೀಜ, ಅಂದರೆ ನಿರ್ಮಲಿ. ಅದನ್ನು ಮಡಕೆಯ ಒಳಮೈಗೆ ತೇಯ್ದರೆ ತೇಲುವ ಮಣ್ಣು ಒಂದಕ್ಕೊಂದು ಅಂಟಿಕೊಂಡು ತಳಕ್ಕಿಳಿಯುತ್ತದೆ. ಮನುಸ್ಮೃತಿಯಲ್ಲಿಯೂ ಈ ಬೀಜದ ಪ್ರಸ್ತಾಪವಿದೆ. ಆದರೆ ನೀರಿನಲ್ಲಿ ಕರಗಿಹೋದ ಬಣ್ಣ ಹೀಗೆ ತಳಕ್ಕಿಳಿಯುವುದಿಲ್ಲ.

ಎರಡನೆಯದು ಈ ಕರಗಿದ ಬಣ್ಣ. ಮೆಥಿಲೀನ್ ಬ್ಲೂ ಮೊದಲು ಔಷಧಿಯಾಗಿರಲಿಲ್ಲ. ಅದು 1876ರಲ್ಲಿ ಜರ್ಮನಿಯ ಹೈನ್ರಿಖ್ ಕಾರೋ ತಯಾರಿಸಿದ ಬಟ್ಟೆಯ ಬಣ್ಣ. 1891ರಲ್ಲಿ ಪಾಲ್ ಎರ್ಲಿಖ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ ಮೇಲೆ ಅದು ಔಷಧಿಗಳ ಸಾಲಿಗೆ ಸೇರಿತು. ಇಂಥ ಬಣ್ಣವನ್ನು ಹೀರುವ ಉಪಾಯ ಅದಕ್ಕೂ ಹಳೆಯದು. 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಔಷಧಶಾಲೆಯೊಂದರಲ್ಲಿ ಟೋಬಿಯಾಸ್ ಲೋವಿಟ್ಸ್ ಎಂಬಾತ, ಕಂದು ಬಣ್ಣದ ದ್ರಾವಣವು ಇದ್ದಿಲಿನ ಸಂಪರ್ಕದಿಂದ ನಿರ್ವರ್ಣವಾಗುವುದನ್ನು ಕಂಡನು. ಮುಂದೆ ಯುರೋಪಿನಲ್ಲಿ ಸಕ್ಕರೆಯನ್ನು ಬೆಳ್ಳಗೆ ಮಾಡಲು ಎಲುಬಿನ ಇದ್ದಿಲು ಬಳಕೆಗೆ ಬಂತು. ಇಂದು ಮೀನಿನ ಅಂಗಡಿಗಳಲ್ಲಿ ದೊರೆಯುವ ಸಕ್ರಿಯ ಇದ್ದಿಲು ಅದೇ ವಂಶದ್ದು. ಅದರ ಅಸಂಖ್ಯ ಸೂಕ್ಷ್ಮ ರಂಧ್ರಗಳ ಮೈಗೆ ಬಣ್ಣದ ಕಣಗಳು ಅಂಟಿಕೊಳ್ಳುತ್ತವೆ.

ಮೂರನೆಯದು ಕಣ್ಣಿಗೆ ಕಾಣದ ಮಲಿನತೆ. ಮೀನುಗಳು ವಿಸರ್ಜಿಸುವ ಅಮೋನಿಯಾ ನೀರಿನ ತಿಳಿಯನ್ನು ಕೆಡಿಸದೆಯೇ ಅವನ್ನು ಕೊಲ್ಲಬಲ್ಲದು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ ಎಂಬಿಬ್ಬರು ಚರಂಡಿ ನೀರನ್ನು ಮರಳಿನ ಮೂಲಕ ಹಾಯಿಸಿದರು. ಕೆಲವು ದಿನಗಳ ನಂತರ ಅದರ ಅಮೋನಿಯಾ ನೈಟ್ರೇಟ್ ಆಗತೊಡಗಿತು. ಕ್ಲೋರೋಫಾರ್ಮ್ ಸೋಕಿಸಿದೊಡನೆ ಆ ಕ್ರಿಯೆ ನಿಂತುಹೋಯಿತು. ಅಂದರೆ ಮರಳಿನಲ್ಲಿ ಜೀವಿಗಳು ಕೆಲಸ ಮಾಡುತ್ತಿದ್ದವು! 1890ರ ಸುಮಾರಿಗೆ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕಿಸಿ ತೋರಿಸಿದನು.

ನಮ್ಮ ತೊಟ್ಟಿಯ ಮರಳಿನಲ್ಲಿಯೂ ಸ್ಪಂಜಿನಲ್ಲಿಯೂ ಇದ್ದ ಉಪಕಾರಿಗಳು ಇವೇ. ಔಷಧಿಯಿಂದ ಅವು ಮೊದಲೇ ಸೊರಗಿದ್ದವು. ಅಳಿದುಳಿದವನ್ನು ನಲ್ಲಿಯ ಕ್ಲೋರಿನ್ ನೀರಿನಿಂದ ತೊಳೆಸಿ ಚೆಲ್ಲಿಸಿದವನು ನಾನು.

ಮಾಡಬೇಕಾಗಿದ್ದುದು ಇಷ್ಟೇ. ಚಿಕಿತ್ಸೆ ಮುಗಿದ ಮೇಲೆ ನೀರಿನ ಕಾಲುಭಾಗವನ್ನಷ್ಟೇ ತೆಗೆದು, ಒಂದು ದಿನ ತೆರೆದಿಟ್ಟ ನೀರನ್ನು ತುಂಬಬೇಕು. ಕೆಲವು ದಿನ ಬಿಟ್ಟು ಹಾಗೆಯೇ ಮತ್ತೆ ಮಾಡಬೇಕು. ಸಕ್ರಿಯ ಇದ್ದಿಲನ್ನು ತೊಳೆದು, ತೆಳುಬಟ್ಟೆಯಲ್ಲಿ ಕಟ್ಟಿ, ನೀರು ಹಾಯುವೆಡೆಯಲ್ಲಿ ಇಡಬೇಕು. ಬಣ್ಣ ಹೋದ ಮೇಲೆ ತೆಗೆದುಬಿಡಬೇಕು. ಔಷಧಿ ಕೊಡುವ ದಿನಗಳಲ್ಲಿ ಮಾತ್ರ ಇದ್ದಿಲು ಇರಕೂಡದು, ಏಕೆಂದರೆ ಅದು ಔಷಧಿಯನ್ನೇ ಹೀರಿಬಿಡುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು, ಮರಳನ್ನು ಕದಲಿಸಬಾರದು. ಕೆಲವು ದಿನ ಆಹಾರ ಕಡಿಮೆ ಹಾಕಬೇಕು. ಇದ್ದಿಲು ಉಪ್ಪನ್ನಾಗಲಿ ಅಮೋನಿಯಾವನ್ನಾಗಲಿ ತೆಗೆಯಲಾರದು. ಆದುದರಿಂದ ನೀರು ತಿಳಿಯಾದ ಮಾತ್ರಕ್ಕೆ ಶುದ್ಧವಾಯಿತೆಂದು ತಿಳಿಯಬಾರದು.

ಈ ಸಂಗತಿಗಳನ್ನು ನಾನು ಓದಿ ತಿಳಿದದ್ದು ಆ ಹುಡುಗ ಶಾಲೆ ಬಿಟ್ಟು ಹೋದ ಬಹಳ ವರ್ಷಗಳ ನಂತರ. ಅಂದು ಅವನು ತಲೆ ತಗ್ಗಿಸಿ ನಿಂತಿದ್ದನೇ ಹೊರತು, "ನೀವೇ ಹೇಳಿದ್ದಿರಿ ಸರ್" ಎಂದು ಒಂದು ಮಾತನ್ನೂ ಆಡಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅವನ ಪರಿಚಯವಿದ್ದರೆ ಈ ಬರಹವನ್ನು ದಯವಿಟ್ಟು ಅವನಿಗೆ ತಲುಪಿಸಿ. ತಪ್ಪು ಅವನದಲ್ಲ, ನನ್ನದು. ಅವನನ್ನು ಗದರಿಸಿದ್ದು ತರಗತಿಯ ಎದುರಿಗೆ. ಆದ್ದರಿಂದ ಈ ಮಾತನ್ನೂ ಆ ತರಗತಿಯ ನಿಮ್ಮೆಲ್ಲರ ಎದುರಿಗೇ ಹೇಳುತ್ತಿದ್ದೇನೆ.